ಸಹಾಯ ಬೇಕು: ಡೆಬಿಯನ್ 13ರಲ್ಲಿ ಚಿಪ್ ವಿನ್ಯಾಸದ ತಂತ್ರಾಂಶ ಇನ್‌ಸ್ಟಾಲ್ ಮಾಡುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯವನು, ಮನೆಯಲ್ಲಿಯೇ ವೆರಿಲಾಗ್ (ಚಿಪ್ ವಿನ್ಯಾಸವನ್ನು ಬರೆಯುವ ಭಾಷೆ) ಕಲಿಯುತ್ತಿದ್ದೇನೆ. ರೆಡ್ ಹ್ಯಾಟ್ ಮತ್ತು ಉಬುಂಟು ಎಂಬ ಲಿನಕ್ಸ್‌ಗಳ ಕೆಲವೇ ಆವೃತ್ತಿಗಳಿಗೆ ಬೆಂಬಲವಿರುವ ಚಿಪ್ ವಿನ್ಯಾಸದ ತಂತ್ರಾಂಶವೊಂದನ್ನು, ಮಳೆಯಲ್ಲಿ ಪದೇ ಪದೇ ಕರೆಂಟ್ ಹೋಗುತ್ತಿದ್ದರೂ ಮೂರು ರಾತ್ರಿ ಕಾದು ಡೌನ್‌ಲೋಡ್ ಮಾಡಿ, ಡೆಬಿಯನ್ 13 ಎಂಬ ಇನ್ನೊಂದು ಲಿನಕ್ಸ್ ಇರುವ ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಲು ಪ್ರಯತ್ನಿಸುತ್ತಿದ್ದೇನೆ.

ಫೈಲುಗಳೆಲ್ಲ ಕಾಪಿಯಾದ ಮೇಲೆ ಕೊನೆಯ ಹಂತದಲ್ಲಿ ಇನ್‌ಸ್ಟಾಲರ್ ಗಂಟೆಗಟ್ಟಲೆ ಅಲುಗಾಡದೆ ನಿಲ್ಲುತ್ತದೆ. ಟರ್ಮಿನಲ್‌ನಲ್ಲಿ 'ಲಿಬ್‌ಟಿನ್‌ಫೋ.ಎಸ್‌ಒ.5' ಎಂಬ ಲೈಬ್ರರಿ ಫೈಲು ಸಿಗಲಿಲ್ಲ ಎಂಬ ಒಂದೇ ಸಾಲು ಕಾಣುತ್ತದೆ. ಡೆಬಿಯನ್ 13ರಲ್ಲಿ ಅದರ 6ನೇ ಆವೃತ್ತಿ ಮಾತ್ರ ಇದೆ. 5ರ ಹೆಸರಿನಲ್ಲಿ 6ಕ್ಕೆ ಸಿಮ್‌ಲಿಂಕ್ (ಬೇರೆ ಫೈಲನ್ನು ತೋರಿಸುವ ಕೊಂಡಿ) ಕೊಟ್ಟಾಗ ಇನ್‌ಸ್ಟಾಲ್ ಮುಗಿಯಿತಾದರೂ, ಸಿಂಥೆಸಿಸ್ (ವೆರಿಲಾಗ್ ಕೋಡನ್ನು ಸರ್ಕ್ಯೂಟಾಗಿ ಬದಲಿಸುವ ಹಂತ) ಶುರು ಮಾಡಿದ ಕೂಡಲೇ 'ಸೆಗ್ಮೆಂಟೇಶನ್ ಫಾಲ್ಟ್' ಎಂದು ಪ್ರೋಗ್ರಾಂ ಮುಚ್ಚಿಕೊಳ್ಳುತ್ತದೆ. ಹಾಗೆ ಲಿಂಕ್ ಕೊಟ್ಟದ್ದೇ ತಪ್ಪಾಯಿತೆಂದು ಈಗ ಅನಿಸುತ್ತಿದೆ. ಡೆಬಿಯನ್‌ನಲ್ಲಿ ಎಸ್‌ಎಚ್ (ಸ್ಕ್ರಿಪ್ಟುಗಳನ್ನು ಓಡಿಸುವ ಶೆಲ್) ಎಂದರೆ ಬ್ಯಾಶ್ ಅಲ್ಲ, ಡ್ಯಾಶ್ ಆದ್ದರಿಂದ ಕೆಲವು ಸ್ಕ್ರಿಪ್ಟುಗಳೂ ಕೈಕೊಟ್ಟಿದ್ದವು, ಅವನ್ನು ಬ್ಯಾಶ್‌ನಿಂದ ಓಡಿಸಿ ಸರಿಮಾಡಿಕೊಂಡೆ.

ಒಂದು ಲಿನಕ್ಸ್ ಒಳಗೆ ಇನ್ನೊಂದನ್ನು ಓಡಿಸುವ ಡಿಸ್ಟ್ರೋಬಾಕ್ಸ್‌ನಲ್ಲಿ, ರೆಡ್ ಹ್ಯಾಟ್‌ಗೆ ಹೊಂದುವ ರಾಕಿ ಲಿನಕ್ಸ್ 8ರ ಕಂಟೇನರ್ (ಪ್ರತ್ಯೇಕ ಆವರಣ) ಮಾಡಿ, ಅದರೊಳಗೆ 'ಎನ್‌ಕರ್ಸಸ್-ಕಂಪ್ಯಾಟ್-ಲಿಬ್ಸ್' (ಆ ಹಳೆಯ 5ನೇ ಆವೃತ್ತಿ ಇರುವ ಪ್ಯಾಕೇಜು) ಹಾಕಿ ಮತ್ತೆ ಪ್ರಯತ್ನಿಸಬೇಕೆಂದಿದ್ದೇನೆ. ಆದರೆ ನನ್ನ ಲೈಸೆನ್ಸ್ ಫೈಲು ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಕಟ್ಟಿದ್ದು. ಕಂಟೇನರ್ ಒಳಗಿನಿಂದಲೂ ಅದೇ ವಿಳಾಸ ತಂತ್ರಾಂಶಕ್ಕೆ ಕಾಣುತ್ತದೆಯೇ? ಈಗಾಗಲೇ ಇನ್‌ಸ್ಟಾಲ್ ಆಗಿರುವ ಫೋಲ್ಡರನ್ನೇ ಅಲ್ಲಿಂದ ಬಳಸಬಹುದೇ ಅಥವಾ ಹೊಸದಾಗಿಯೇ ಹಾಕಬೇಕೇ? ಇದನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಲಾಗ್ ಫೈಲು ಬೇಕಿದ್ದರೆ ಈ ರಾತ್ರಿಯೇ ಹಾಕುತ್ತೇನೆ.