ವಿಧಾನ ಪರಿಷತ್ತಿನ ದಿನದ ಕಲಾಪ: ಪರಿಷತ್ತಿನ ಸಚಿವಾಲಯದ ನಿವೃತ್ತ ಅಧಿಕಾರಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ಪದವೀಧರ ಕ್ಷೇತ್ರದ ಮತದಾರ. ಅಧಿವೇಶನದ ಸುದ್ದಿಯಲ್ಲಿ ನಮಗೆ ಕಾಣುವುದು ಧರಣಿ, ವಾಗ್ವಾದ ಮತ್ತು ಮುಂದೂಡಿಕೆ ಮಾತ್ರ. ಬೆಳಿಗ್ಗೆ ಸದನ ಸೇರಿದಾಗಿನಿಂದ ಸಂಜೆಯವರೆಗೆ ಪರಿಷತ್ತಿನಲ್ಲಿ ಯಾವ ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೆ ಎಂಬುದನ್ನು ದಯವಿಟ್ಟು ತಿಳಿಸುವಿರಾ?

ಉತ್ತರ: ನಮಸ್ಕಾರ. ನಮ್ಮ ಪರಿಷತ್ತಿನ ಒಟ್ಟು ಸ್ಥಾನಗಳು 75. ವಿಧಾನಸಭಾ ಸದಸ್ಯರು 25 ಮಂದಿಯನ್ನು, ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು 25 ಮಂದಿಯನ್ನು, ಪದವೀಧರರು 7 ಮಂದಿಯನ್ನು, ಶಿಕ್ಷಕರು 7 ಮಂದಿಯನ್ನು ಆರಿಸುತ್ತಾರೆ. ಉಳಿದ 11 ಮಂದಿಯನ್ನು ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ. ದಿನದ ಕಲಾಪ ಅರ್ಥವಾಗಬೇಕಾದರೆ ಈ ಹಂಚಿಕೆ ನೆನಪಿನಲ್ಲಿರಬೇಕು. ಅನುದಾನಿತ ಶಾಲೆಗಳ ಖಾಲಿ ಹುದ್ದೆ, ವೇತನಾನುದಾನ, ಪಿಂಚಣಿಯಂತಹ ವಿಷಯಗಳು ಪರಿಷತ್ತಿನಲ್ಲಿ ಮತ್ತೆ ಮತ್ತೆ ಬರುವುದಕ್ಕೂ, ಗ್ರಾಮ ಪಂಚಾಯಿತಿಗಳ ಅಧಿಕಾರ ಮತ್ತು ಅನುದಾನದ ಮಾತು ಅಲ್ಲಿ ಗಟ್ಟಿಯಾಗಿ ಕೇಳಿಸುವುದಕ್ಕೂ ಇದೇ ಕಾರಣ.

ಆಯಾ ದಿನದ ಕೆಲಸವನ್ನು ಕಾರ್ಯಕಲಾಪಗಳ ಪಟ್ಟಿಯಲ್ಲಿ ಮುದ್ರಿಸಿ ಸದಸ್ಯರಿಗೆ ಮೊದಲೇ ತಲುಪಿಸಲಾಗುತ್ತದೆ. ಅಧಿವೇಶನದ ಮೊದಲ ದಿನವಾದರೆ ಅಗಲಿದ ಗಣ್ಯರಿಗೆ ಸಂತಾಪ ಸೂಚಿಸುವುದರೊಂದಿಗೆ ಕಲಾಪ ಆರಂಭವಾಗುತ್ತದೆ. ಸಾಮಾನ್ಯ ದಿನಗಳಲ್ಲಿ ಸಭಾಪತಿಯವರು ಪೀಠವನ್ನು ಅಲಂಕರಿಸಿದ ಬಳಿಕ ಪ್ರಶ್ನೋತ್ತರ ಕಲಾಪ, ಆಮೇಲೆ ತುರ್ತು ವಿಷಯಗಳನ್ನು ಚುಟುಕಾಗಿ ಪ್ರಸ್ತಾಪಿಸುವ ಶೂನ್ಯ ವೇಳೆ, ಅನಂತರ ವರದಿಗಳನ್ನೂ ಅಧಿಸೂಚನೆಗಳನ್ನೂ ಸದನದ ಮುಂದಿಡುವುದು, ಗಮನ ಸೆಳೆಯುವ ಸೂಚನೆಗಳು, ವಿಧೇಯಕಗಳು ಮತ್ತು ಚರ್ಚೆಗಳು ಬರುತ್ತವೆ. ಸಭಾಪತಿಯವರ ಒಪ್ಪಿಗೆಯಿಂದ ಈ ಕ್ರಮ ಹಿಂದು ಮುಂದಾಗುವುದುಂಟು. ಬೆಂಗಳೂರಿನ ವಿಧಾನಸೌಧದಲ್ಲಿ ಸೇರಿದರೂ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಸೇರಿದರೂ ಪದ್ಧತಿ ಒಂದೇ.

ಪತ್ರಿಕೆಗಳಲ್ಲಿ ಕಾಣುವ ನಿಯಮಗಳ ಸಂಖ್ಯೆಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಿಯಮ 72ರಡಿ ಸದಸ್ಯರು ಒಂದು ವಿಷಯದತ್ತ ಸಚಿವರ ಗಮನ ಸೆಳೆದರೆ ಸಚಿವರು ಅದರ ಬಗ್ಗೆ ಹೇಳಿಕೆ ನೀಡಬೇಕಾಗುತ್ತದೆ. ನಿಯಮ 330 ಸಾರ್ವಜನಿಕ ಮಹತ್ವದ ವಿಷಯಗಳ ಚರ್ಚೆಗೆ ಸಂಬಂಧಿಸಿದ್ದು. ನಿಯಮ 59ರ ನಿಲುವಳಿ ಸೂಚನೆಯಲ್ಲಿ ನಿಗದಿತ ಕಲಾಪವನ್ನೇ ಬದಿಗಿಟ್ಟು ತಮ್ಮ ವಿಷಯವನ್ನು ಎತ್ತಿಕೊಳ್ಳಬೇಕೆಂದು ವಿರೋಧ ಪಕ್ಷದವರು ಕೇಳುತ್ತಾರೆ. ಅನೇಕ ಬಾರಿ ಸಭಾಪತಿಯವರು ಪ್ರಾಥಮಿಕ ಮಾತುಗಳನ್ನು ಆಲಿಸಿ, ಅದನ್ನು ನಿಯಮ 68ಕ್ಕೆ ಪರಿವರ್ತಿಸಿ ಚರ್ಚೆಗೆ ಅವಕಾಶ ಕೊಡುತ್ತಾರೆ. ಇದನ್ನು ಹೊರಗಿನವರು ತಿರಸ್ಕಾರವೆಂದು ತಿಳಿಯುತ್ತಾರೆ. ಚರ್ಚೆಗೆ ಸಮಯ ಸಿಕ್ಕಿದ ಮೇಲೆ ಸದಸ್ಯರ ಉದ್ದೇಶ ಬಹುಮಟ್ಟಿಗೆ ಈಡೇರಿದಂತೆಯೇ ಎಂದು ನಾನು ಭಾವಿಸುತ್ತೇನೆ.

ಪ್ರಶ್ನೆ: ಸರ್, ಸಚಿವರು ಸದನದಲ್ಲಿಯೇ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗೂ ಇಲಾಖೆಯವರು ಮೊದಲೇ ಲಿಖಿತ ಉತ್ತರ ಸಿದ್ಧಪಡಿಸಿರುತ್ತಾರೆ. ಹಾಗಿದ್ದ ಮೇಲೆ ಅದಕ್ಕಾಗಿ ಸದನದ ಸಮಯ ಏಕೆ ಬೇಕು?

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸಬೇಕು, ಏಕೆಂದರೆ ಪರಿಷತ್ತಿನ ದಿನದಲ್ಲಿ ಅತ್ಯಂತ ಬೆಲೆಯುಳ್ಳ ಸಮಯ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುವುದರೊಂದಿಗೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯಲ್ಲಿ ಸಚಿವರು ಎದ್ದು ನಿಂತು ‘ಉತ್ತರವನ್ನು ಒದಗಿಸಲಾಗಿದೆ’ ಎಂದ ಬಳಿಕವೇ ನಿಜವಾದ ಕೆಲಸ ಶುರುವಾಗುತ್ತದೆ, ಏಕೆಂದರೆ ಆಗ ಸದಸ್ಯರಿಗೆ ಉಪಪ್ರಶ್ನೆ ಕೇಳುವ ಹಕ್ಕು ಬರುತ್ತದೆ. ಉದಾಹರಣೆಗೆ, ಅನುದಾನಿತ ಪ್ರೌಢಶಾಲೆಗಳಲ್ಲಿ ಖಾಲಿ ಇರುವ ಹುದ್ದೆಗಳ ಭರ್ತಿಯ ಬಗ್ಗೆ ಒಂದು ಪ್ರಶ್ನೆ ಇದೆಯೆಂದು ಭಾವಿಸಿ. ಲಿಖಿತ ಉತ್ತರದಲ್ಲಿ ‘ಪ್ರಸ್ತಾವನೆಯು ಪರಿಶೀಲನೆಯಲ್ಲಿದೆ’ ಎಂಬ ಒಂದೇ ವಾಕ್ಯವಿರಬಹುದು. ಅನುಭವಿ ಸದಸ್ಯರು ಅದರ ಮೇಲೆ ಭಾಷಣ ಮಾಡುವುದಿಲ್ಲ. ಕಡತ ಈಗ ಯಾವ ಇಲಾಖೆಯಲ್ಲಿದೆ, ಆರ್ಥಿಕ ಇಲಾಖೆಯ ಸಹಮತಿಗೆ ಅದನ್ನು ಯಾವ ದಿನಾಂಕದಂದು ಕಳುಹಿಸಲಾಯಿತು, ಆ ಇಲಾಖೆ ಆಕ್ಷೇಪಣೆ ಹಾಕಿ ಹಿಂದಿರುಗಿಸಿದ್ದರೆ ಆ ಆಕ್ಷೇಪಣೆ ಏನು ಎಂದು ಅವರು ಕೇಳುತ್ತಾರೆ. ಅಧಿಕಾರಿಗಳ ಗ್ಯಾಲರಿಯಿಂದ ಸಚಿವರಿಗೆ ಚೀಟಿ ಬರುವುದು ಇಂತಹ ಹೊತ್ತಿನಲ್ಲಿಯೇ.

ಇಲಾಖೆಗಳಲ್ಲಿ ಕೆಲಸ ಮಾಡಿದವರಿಗೆ ‘ಎಲ್‌ಸಿಕ್ಯೂ (ವಿಧಾನ ಪರಿಷತ್ತಿನ ಪ್ರಶ್ನೆ) ಬಂದಿದೆ’ ಎಂಬ ಮಾತಿನ ತೂಕ ಗೊತ್ತಿರುತ್ತದೆ. ಬಹುಕಾಲದಿಂದ ಕಪಾಟಿನಲ್ಲಿ ಮಲಗಿದ್ದ ಕಡತ ಆ ಪ್ರಶ್ನೆಯ ನೆಪದಲ್ಲಿ ಮೇಜಿನ ಮೇಲೆ ಬರುತ್ತದೆ, ಜಿಲ್ಲೆಗಳಿಂದ ಅಂಕಿ ಅಂಶಗಳನ್ನು ತರಿಸಲಾಗುತ್ತದೆ, ಕೆಳಹಂತದ ಸಿಬ್ಬಂದಿಯಿಂದ ಸಚಿವರವರೆಗೆ ಎಲ್ಲರೂ ಅದನ್ನು ಓದಬೇಕಾಗುತ್ತದೆ. ಎಷ್ಟೋ ಸಂದರ್ಭಗಳಲ್ಲಿ ಉತ್ತರ ಸದನಕ್ಕೆ ಬರುವ ಮೊದಲೇ ಸಣ್ಣಪುಟ್ಟ ತೊಡಕುಗಳು ಪರಿಹಾರವಾಗಿರುತ್ತವೆ, ಅದು ಸುದ್ದಿಯಾಗುವುದಿಲ್ಲ.

ಇನ್ನೊಂದು ಮುಖ್ಯವಾದ ಸಂಗತಿಯಿದೆ. ಉಪಪ್ರಶ್ನೆಗೆ ಉತ್ತರಿಸುವಾಗ ಸಚಿವರು ‘ಮಾಹಿತಿ ತರಿಸಿಕೊಂಡು ಸದನಕ್ಕೆ ಒದಗಿಸುತ್ತೇನೆ’ ಅಥವಾ ‘ಈ ಬಗ್ಗೆ ಕ್ರಮ ಕೈಗೊಳ್ಳುತ್ತೇನೆ’ ಎಂದರೆ ಆ ಮಾತು ಅಲ್ಲಿಗೆ ತೇಲಿಹೋಗುವುದಿಲ್ಲ. ಸದನದ ಮಾತುಗಳನ್ನು ದಾಖಲಿಸುವ ಪ್ರತಿವೇದಕರು ಬರೆದುಕೊಂಡ ನಡವಳಿಯಿಂದ ಅಂತಹ ಮಾತುಗಳನ್ನು ಗುರುತಿಸಿ, ಪರಿಷತ್ತಿನ ಸರ್ಕಾರಿ ಭರವಸೆಗಳ ಸಮಿತಿಯ ಮುಂದಿಡಲಾಗುತ್ತದೆ. ಭರವಸೆ ಈಡೇರದಿದ್ದರೆ ಸಮಿತಿಯು ಇಲಾಖೆಯ ಅಧಿಕಾರಿಗಳನ್ನು ಕರೆಸಿ ವಿವರಣೆ ಕೇಳುತ್ತದೆ. ಸಚಿವರು ಬದಲಾದರೂ ಭರವಸೆ ಇಲಾಖೆಯ ಹೆಸರಿನಲ್ಲಿ ಉಳಿದಿರುತ್ತದೆ.

ಪ್ರಶ್ನೆ: ಹಾಗಾದರೆ ಸದಸ್ಯರು ಸಭಾಪತಿಗಳ ಪೀಠದ ಮುಂದಿನ ಬಾವಿಗಿಳಿದು ಧರಣಿ ನಡೆಸಿದ ದಿನ ಈ ಪ್ರಶ್ನೆಗಳ ಗತಿ ಏನು?

ಉತ್ತರ: ಪ್ರಶ್ನೋತ್ತರ ನಡೆಯದೆ ಹೋದರೂ ಲಿಖಿತ ಉತ್ತರಗಳು ಸದನದ ಮುಂದೆ ಮಂಡನೆಯಾದಂತೆ ದಾಖಲೆಗೆ ಸೇರುತ್ತವೆ. ಕಳೆದುಹೋಗುವುದು ಉಪಪ್ರಶ್ನೆಯ ಅವಕಾಶ. ಅರೆಬರೆ ಉತ್ತರ ಸಿದ್ಧಪಡಿಸಿದ ಇಲಾಖೆಗೆ ಇದಕ್ಕಿಂತ ದೊಡ್ಡ ನೆಮ್ಮದಿ ಬೇರೊಂದಿಲ್ಲ. ಪ್ರತಿಭಟನೆ ಶಾಸಕರ ರಾಜಕೀಯ ಅಸ್ತ್ರ ಎಂಬುದನ್ನು ನಾನು ಒಪ್ಪುತ್ತೇನೆ. ಅದನ್ನು ಪ್ರಶ್ನೋತ್ತರ ಮುಗಿದ ನಂತರ ಬಳಸಿದರೆ ಸರ್ಕಾರಕ್ಕೆ ಬಿಸಿ ತಟ್ಟುವುದು ಕಡಿಮೆಯಾಗುವುದಿಲ್ಲ ಎಂಬುದನ್ನು ಮಾತ್ರ ಎಲ್ಲ ಪಕ್ಷಗಳ ಸದಸ್ಯರಲ್ಲಿಯೂ ಬೇಡಿಕೊಳ್ಳುತ್ತೇನೆ.

ಗದ್ದಲದಲ್ಲಿ ಆಡಿದ ಅಸಂಸದೀಯ ಮಾತುಗಳನ್ನು ಕಡತದಿಂದ ತೆಗೆದುಹಾಕುವಂತೆ ಸಭಾಪತಿಯವರು ಆದೇಶಿಸಬಹುದು. ಹಾಗೆ ತೆಗೆದ ಮಾತನ್ನು ಮಾಧ್ಯಮದವರು ಪ್ರಕಟಿಸಿದರೆ ಹಕ್ಕುಚ್ಯುತಿಯ, ಅಂದರೆ ಸದನದ ವಿಶೇಷ ಹಕ್ಕಿಗೆ ಧಕ್ಕೆಯಾದ ಪ್ರಶ್ನೆ ಏಳುತ್ತದೆ. ಕಲಾಪ ನೇರ ಪ್ರಸಾರವಾಗುವ ಈ ಕಾಲದಲ್ಲಿ ಆ ಆದೇಶ ಹೊರಬೀಳುವಷ್ಟರಲ್ಲಿ ಮಾತು ಊರೆಲ್ಲ ಸುತ್ತಿರುತ್ತದೆ, ಆದ್ದರಿಂದ ಸದಸ್ಯರ ಸ್ವಂತ ಸಂಯಮದ ಹೊಣೆ ಮೊದಲಿಗಿಂತ ಹೆಚ್ಚಾಗಿದೆ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ವಿಧಾನಸಭೆ ಅಂಗೀಕರಿಸಿದ ವಿಧೇಯಕವನ್ನು ಪರಿಷತ್ತು ತಡೆಯಬಲ್ಲದೆ? ರಾಜ್ಯಸಭೆಗಿರುವಷ್ಟು ಶಕ್ತಿ ಅದಕ್ಕೆ ಇದೆಯೆ?

ಉತ್ತರ: ತಡಮಾಡಬಲ್ಲದು; ವಿಧಾನಸಭೆ ಪಟ್ಟುಹಿಡಿದರೆ ಕೊನೆಯವರೆಗೂ ತಡೆಯಲಾರದು. ಸಂವಿಧಾನದ 197ನೇ ಅನುಚ್ಛೇದವನ್ನು ಓದಿಕೊಳ್ಳಿ. ವಿಧಾನಸಭೆಯಿಂದ ವಿಧೇಯಕ ಬಂದಿರುವ ಸಂದೇಶವನ್ನು ಕಾರ್ಯದರ್ಶಿಯವರು ಸದನಕ್ಕೆ ತಿಳಿಸುತ್ತಾರೆ. ಪರಿಷತ್ತು ಅದನ್ನು ತಿರಸ್ಕರಿಸಿದರೆ, ಅಥವಾ ತನ್ನ ಮುಂದಿಟ್ಟ ದಿನದಿಂದ 3 ತಿಂಗಳೊಳಗೆ ಅಂಗೀಕರಿಸದಿದ್ದರೆ, ಅಥವಾ ವಿಧಾನಸಭೆ ಒಪ್ಪದ ತಿದ್ದುಪಡಿಗಳನ್ನು ಮಾಡಿದರೆ, ವಿಧಾನಸಭೆಯು ವಿಧೇಯಕವನ್ನು ಎರಡನೆಯ ಬಾರಿ ಅಂಗೀಕರಿಸಿ ಕಳುಹಿಸಬಹುದು. ಎರಡನೆಯ ಬಾರಿ ಪರಿಷತ್ತಿಗಿರುವ ಕಾಲಾವಕಾಶ 1 ತಿಂಗಳು. ಆಗಲೂ ಒಪ್ಪದಿದ್ದರೆ ವಿಧೇಯಕ ಎರಡೂ ಸದನಗಳಲ್ಲಿ ಅಂಗೀಕಾರವಾಯಿತೆಂದೇ ಭಾವಿಸಲಾಗುತ್ತದೆ. ಸಂಸತ್ತಿನಲ್ಲಿರುವಂತೆ ಜಂಟಿ ಅಧಿವೇಶನ ಕರೆದು ಭಿನ್ನಮತ ಬಗೆಹರಿಸುವ ಏರ್ಪಾಡು ರಾಜ್ಯಗಳಲ್ಲಿ ಇಲ್ಲ. ರಾಜ್ಯಸಭೆಯ ಸ್ಥಾನ ಈ ದೃಷ್ಟಿಯಿಂದ ಬಹಳ ಗಟ್ಟಿಯಾದದ್ದು.

ಹೀಗಿದ್ದರೂ ಆಡಳಿತ ಪಕ್ಷಕ್ಕೆ ಪರಿಷತ್ತಿನಲ್ಲಿ ಬಹುಮತವಿಲ್ಲದ ಕಾಲದಲ್ಲಿ ಮತದಾನದ ಗಳಿಗೆಗೆ ಮಹತ್ವ ಬರುತ್ತದೆ. 2024ರ ಫೆಬ್ರವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ತಿದ್ದುಪಡಿ ವಿಧೇಯಕವು ವಿಧಾನಸಭೆಯಲ್ಲಿ ಅಂಗೀಕಾರವಾಗಿ ಬಂದು ಪರಿಷತ್ತಿನಲ್ಲಿ ಧ್ವನಿಮತದಿಂದ ಸೋತಿತು. ಅದೇ ತಿಂಗಳಲ್ಲಿ ವಿಧಾನಸಭೆ ಅದನ್ನು ಮತ್ತೊಮ್ಮೆ ಅಂಗೀಕರಿಸಿತು. ಆ ವಿಧೇಯಕದ ಸರಿತಪ್ಪುಗಳು ಇಲ್ಲಿನ ವಿಷಯವಲ್ಲ. ಮುಖ್ಯ ಸಚೇತಕರು ತಮ್ಮ ಸದಸ್ಯರನ್ನು ಮೊಗಸಾಲೆಯಿಂದ ಒಳಗೆ ಕರೆತರಲು ಏಕೆ ಅಷ್ಟು ಓಡಾಡುತ್ತಾರೆ ಎಂಬುದು ಅದರಿಂದ ತಿಳಿಯುತ್ತದೆ. ಧ್ವನಿಮತವನ್ನು ಒಪ್ಪದವರು ಮತವಿಭಜನೆ, ಅಂದರೆ ಮತಗಳ ಎಣಿಕೆ ಕೇಳಬಹುದು. ಎರಡೂ ಕಡೆ ಮತಗಳು ಸಮನಾದಾಗ ಮಾತ್ರ ಸಭಾಪತಿಯವರು ನಿರ್ಣಾಯಕ ಮತ ಚಲಾಯಿಸುತ್ತಾರೆ.

ನನ್ನ ಕಾಳಜಿ ಬೇರೆಯದು. ಅಧಿವೇಶನದ ಕೊನೆಯ ದಿನಗಳಲ್ಲಿ ವಿಧೇಯಕಗಳು ಒಟ್ಟೊಟ್ಟಿಗೆ ಬಂದು, ಪರ್ಯಾಲೋಚನೆ, ಖಂಡವಾರು ಪರಿಶೀಲನೆ, ಅಂಗೀಕಾರ ಈ ಮೂರೂ ಹಂತಗಳು ಒಂದೇ ಉಸಿರಿನಲ್ಲಿ ಮುಗಿದುಹೋಗುವುದುಂಟು. ಎರಡನೆಯ ಸದನವಿರುವುದೇ ಕೆಳಮನೆಯ ಅವಸರದಲ್ಲಿ ಕಣ್ತಪ್ಪಿದ್ದನ್ನು ನೋಡುವುದಕ್ಕಾಗಿ. ಆ ಕೆಲಸಕ್ಕೆ ಬೇಕಾದ ದಿನಗಳನ್ನು ಅದಕ್ಕೆ ಕೊಡಲೇಬೇಕು.

ಪ್ರಶ್ನೆ: ಬಜೆಟ್ ವಿಷಯದಲ್ಲಿ ಪರಿಷತ್ತಿನ ಪಾತ್ರವೇನು?

ಉತ್ತರ: ಆಯವ್ಯಯ ಎರಡೂ ಸದನಗಳ ಮುಂದೆ ಬರುತ್ತದೆ, ಪರಿಷತ್ತಿನಲ್ಲಿ ಅದರ ಮೇಲೆ ಸಾಮಾನ್ಯ ಚರ್ಚೆಯೂ ನಡೆಯುತ್ತದೆ. ಇಲಾಖಾವಾರು ಬೇಡಿಕೆಗಳನ್ನು ಮತಕ್ಕೆ ಹಾಕುವುದು ವಿಧಾನಸಭೆಯಲ್ಲಿ ಮಾತ್ರ. ತೆರಿಗೆ, ಸರ್ಕಾರದ ವೆಚ್ಚದಂತಹ ಹಣಕಾಸಿನ ವಿಷಯಗಳಿಗೆ ಮಾತ್ರ ಸಂಬಂಧಿಸಿದ ಧನವಿಧೇಯಕವನ್ನು ಪರಿಷತ್ತು 14 ದಿನಗಳೊಳಗೆ ಶಿಫಾರಸುಗಳೊಂದಿಗೆ ಅಥವಾ ಶಿಫಾರಸುಗಳಿಲ್ಲದೆ ಹಿಂದಿರುಗಿಸಬೇಕು, ಅವುಗಳನ್ನು ಒಪ್ಪುವುದು ಬಿಡುವುದು ವಿಧಾನಸಭೆಗೆ ಸೇರಿದ್ದು. ಸಚಿವ ಸಂಪುಟವು ವಿಧಾನಸಭೆಗೆ ಹೊಣೆಯಾಗಿರುವುದರಿಂದ ಅವಿಶ್ವಾಸ ನಿರ್ಣಯವೂ ಪರಿಷತ್ತಿನಲ್ಲಿ ಬರುವುದಿಲ್ಲ.

ಪ್ರಶ್ನೆ: ಮಧ್ಯಾಹ್ನದ ಮೇಲೆ ನೇರ ಪ್ರಸಾರ ನೋಡಿದರೆ ಆಸನಗಳು ಖಾಲಿ ಇರುತ್ತವೆ. ಎಷ್ಟು ಜನರಿದ್ದರೆ ಸದನ ನಡೆಯಬಹುದು?

ಉತ್ತರ: ಸಂವಿಧಾನದ 189ನೇ ಅನುಚ್ಛೇದದ ಪ್ರಕಾರ 10 ಮಂದಿ ಅಥವಾ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಇವೆರಡರಲ್ಲಿ ಹೆಚ್ಚಿನದು. 75 ಸ್ಥಾನಗಳ ಪರಿಷತ್ತಿಗೆ ಅದು 10 ಆಗುತ್ತದೆ. ಅಷ್ಟು ಮಂದಿ ಇಲ್ಲವೆಂದು ಗಮನಕ್ಕೆ ಬಂದರೆ ಕೋರಂ ಗಂಟೆ ಬಾರಿಸಲಾಗುತ್ತದೆ. ಆಗಲೂ ಕೋರಂ ಆಗದಿದ್ದರೆ ಪೀಠದಲ್ಲಿರುವವರು ಸದನವನ್ನು ಮುಂದೂಡಬೇಕು ಅಥವಾ ಸ್ವಲ್ಪ ಕಾಲ ನಿಲ್ಲಿಸಬೇಕು.

ಪ್ರಶ್ನೆ: ಸರ್, ನಾನು ಅನುದಾನಿತ ಪ್ರೌಢಶಾಲೆಯ ಶಿಕ್ಷಕಿ. ನಮ್ಮ ಸಮಸ್ಯೆ ಸದನದಲ್ಲಿ ಪ್ರಸ್ತಾಪವಾಗಬೇಕಾದರೆ ನಾವು ಏನು ಮಾಡಬೇಕು? ಮನವಿ ಪತ್ರಗಳನ್ನು ಕೊಟ್ಟು ಕೊಟ್ಟು ಸೋತಿದ್ದೇವೆ.

ಉತ್ತರ: ಮೇಡಂ, ತಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಸದಸ್ಯರ ಕೈಗೆ ದಪ್ಪ ಮನವಿ ಪತ್ರದ ಬದಲು ಅರ್ಧ ಪುಟದ ಪ್ರಶ್ನೆಯನ್ನೇ ಕೊಡಿ. ಅದರಲ್ಲಿ ಸಂಬಂಧಪಟ್ಟ ಸರ್ಕಾರಿ ಆದೇಶದ ಸಂಖ್ಯೆ ಮತ್ತು ದಿನಾಂಕ, ನಿಮ್ಮ ಪ್ರಸ್ತಾವನೆ ಉಪನಿರ್ದೇಶಕರ ಕಚೇರಿಯಿಂದ ಮೇಲಕ್ಕೆ ಹೋದ ದಿನ, ಕೊನೆಯದಾಗಿ ಬಂದ ಹಿಂಬರಹ ಇವಿಷ್ಟಿರಲಿ. ಅಭಿಪ್ರಾಯ ಕೇಳುವ ಪ್ರಶ್ನೆಗಿಂತ ಸಂಗತಿ ಕೇಳುವ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ಇಲಾಖೆಗೆ ಕಷ್ಟ. ಪ್ರಶ್ನೆಗಳ ಸೂಚನೆಯನ್ನು ಸಚಿವಾಲಯಕ್ಕೆ ಸಾಕಷ್ಟು ಮೊದಲೇ ಕೊಡಬೇಕಾಗಿರುವುದರಿಂದ, ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಸದಸ್ಯರನ್ನು ಕಾಣಿರಿ. ಸದನ ಶುರುವಾದ ಮೇಲೆ ಹೋದರೆ ಶೂನ್ಯ ವೇಳೆಯ ಒಂದೆರಡು ನಿಮಿಷವಷ್ಟೇ ಉಳಿದಿರುತ್ತದೆ.

ಉತ್ತರ ಬಂದ ಮೇಲೆ ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಸಚಿವರು ಸದನದಲ್ಲಿ ಏನಾದರೂ ಒಪ್ಪಿಕೊಂಡಿದ್ದರೆ ಆ ದಿನದ ನಡವಳಿಯ ದಿನಾಂಕವನ್ನೂ ಪ್ರಶ್ನೆಯ ಸಂಖ್ಯೆಯನ್ನೂ ಗುರುತು ಮಾಡಿಕೊಂಡು, ಅದು ಭರವಸೆಗಳ ಸಮಿತಿಯ ಪಟ್ಟಿಗೆ ಸೇರಿದೆಯೇ ಎಂದು ನಿಮ್ಮ ಸದಸ್ಯರ ಮೂಲಕ ವಿಚಾರಿಸಿ. ಸೇರಿದ್ದರೆ, ಮುಂದಿನ ಅಧಿವೇಶನಕ್ಕೆ ಹೊಸ ಪ್ರಶ್ನೆ ಬರೆಯುವಾಗ ಆ ಭರವಸೆಯ ಉಲ್ಲೇಖದಿಂದಲೇ ಆರಂಭಿಸಿರಿ.