ರೆಕ್ಕೆ ಇಲ್ದಿರೋ, ಸ್ವಲ್ಪ ಭಯ ಹುಟ್ಸೋ ಫೇರಿ ಕಾದಂಬರಿ ಯಾವ್ದಿದೆ?

ಪುಟ_ಮಡಚೋಳು:

ಎಲ್ರಿಗೂ ನಮಸ್ಕಾರ. ಫೇರಿಗಳು ಬರೋ ಫ್ಯಾಂಟಸಿ ಕಾದಂಬರಿ ಹುಡುಕ್ತಾ ಇದೀನಿ, ಆದ್ರೆ ರೆಕ್ಕೆ ಕಟ್ಕೊಂಡು ಮಂತ್ರದ ಕೋಲು ಹಿಡ್ಕೊಂಡು ಹಾರಾಡೋ ಮುದ್ದು ಫೇರಿಗಳಲ್ಲ. ಎಂಎ ಓದೋವಾಗ ನಮಗೆ ‘ಟ್ಯಾಮ್ ಲಿನ್’ ಅನ್ನೋ ಸ್ಕಾಟಿಷ್ ಲಾವಣಿ ಇತ್ತು. ಫೇರಿ ರಾಣಿ ಹಿಡ್ಕೊಂಡು ಹೋಗಿರೋ ಹುಡುಗನ್ನ ಜಾನೆಟ್ ಅನ್ನೋ ಬಸುರಿ ಹುಡುಗಿ ಹ್ಯಾಲೋವೀನ್ ರಾತ್ರಿ ಕುದುರೆ ಮೇಲಿಂದ ಎಳ್ದು ತಬ್ಕೊಂಡು ನಿಂತ್ಕೋತಾಳೆ, ಅವನು ತೋಳಲ್ಲೇ ಹಾವಾಗ್ತಾನೆ ಸಿಂಹ ಆಗ್ತಾನೆ ಕೊನೆಗೆ ಉರಿಯೋ ಕೆಂಡ ಆಗ್ತಾನೆ, ಇವಳು ಬಿಡಲ್ಲ. ಏಳು ವರ್ಷಕ್ಕೊಂದ್ಸಲ ಫೇರಿಗಳು ನರಕಕ್ಕೆ ಕಂದಾಯ ಕಟ್ಬೇಕಂತೆ, ಈ ಸಲ ತಾನೇ ಆ ಕಂದಾಯ ಆಗ್ಬಿಡ್ತೀನಿ ಅಂತ ಅವನಿಗೆ ಹೆದರಿಕೆ. ಆ ಥರ ಮೈ ಜುಮ್ ಅನ್ಸೋ ಫೇರಿಗಳು ಬೇಕು, ಒಳ್ಳೆಯವರೂ ಅಲ್ಲ ಕೆಟ್ಟವರೂ ಅಲ್ಲ, ಅವರ ಕಾನೂನೇ ಬೇರೆ ಅನ್ನೋ ಥರ.

ಎಲ್ಲೆಲ್ಲೂ ಕಾಣತ್ತೆ ಅಂತ ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ ಶುರು ಮಾಡಿ ಅರ್ಧಕ್ಕೆ ಬಿಟ್ಟೆ, ಅಲ್ಲಿ ಫೇರಿ ಅಂದ್ರೆ ಚೂಪು ಕಿವಿಯ ಜಿಮ್ ಬಾಡಿ ಹೀರೋ ಅಷ್ಟೆ. ಅದರ ಫ್ಯಾನ್ಸ್ ಬೇಜಾರಾಗ್ಬೇಡಿ. 800 ಪುಟದ್ದು ಹೇಳೋದಾದ್ರೆ ಯಾಕೆ ಓದ್ಬೇಕು ಅಂತ ಸರಿಯಾಗಿ ಒಪ್ಪಿಸಿ. ಇನ್ನೊಂದು, ಅಕ್ಕನ ಮಗಳಿಗೆ 12 ವರ್ಷ, ನಾನು ಓದಿದ್ದೆಲ್ಲ ಅವಳಿಗೂ ಬೇಕು, ಅವಳ ಕೈಗೆ ಕೊಡೋ ಅಂಥದ್ದು ಒಂದಾದ್ರೂ ಇರ್ಲಿ.

ರಾತ್ರಿ_ರೈಲು:

800 ಪುಟದ್ದೇ ಹೇಳ್ತೀನಿ, ಬೈಕೊಳ್ಳಿ. ಸುಸಾನಾ ಕ್ಲಾರ್ಕ್ ಬರೆದ ‘ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನಾರೆಲ್’, 2004ರದ್ದು, ಮುಂದಿನ ವರ್ಷ ಹ್ಯೂಗೋ ಪ್ರಶಸ್ತಿ ಬಂತು. ಕಥೆ ಶುರುವಾಗೋದು 1806ರಲ್ಲಿ, ಆ ಕಡೆ ನೆಪೋಲಿಯನ್ ಜೊತೆ ಯುದ್ಧ ನಡೀತಿದೆ, ಈ ಕಡೆ ಇಂಗ್ಲೆಂಡಲ್ಲಿ ಮ್ಯಾಜಿಕ್ ಅನ್ನೋದು ಮುದುಕರು ಕೂತು ಚರ್ಚೆ ಮಾಡೋ ವಿಷಯ ಆಗ್ಬಿಟ್ಟಿದೆ, ಯಾರೂ ಮಾಡಲ್ಲ. ನಾರೆಲ್ ಅನ್ನೋ ಜಿಪುಣ ಪುಸ್ತಕದ ಹುಳ ಒಬ್ಬ ಮಂತ್ರಿಯ ಮನಸ್ಸು ಗೆಲ್ಲೋಕೆ, ಅವನು ಮದ್ವೆ ಆಗ್ಬೇಕಿದ್ದ ಸತ್ತ ಹುಡುಗಿಯನ್ನ ಬದುಕಿಸ್ತೀನಿ ಅಂತಾನೆ. ತನ್ನ ಕೈಲಾಗಲ್ಲ ಅಂತ ಗೊತ್ತು, ಅದಕ್ಕೆ ಒಬ್ಬ ಫೇರಿಯನ್ನ ಕರೀತಾನೆ, ಬಿಳೀ ಹತ್ತಿಯಂಥ ಕೂದಲಿನ ದೊಡ್ಮನುಷ್ಯ. ಅವನು ಕೇಳೋ ಕೂಲಿ ಏನಪ್ಪಾ ಅಂದ್ರೆ ಅವಳ ಆಯಸ್ಸಲ್ಲಿ ಅರ್ಧ. ನಾರೆಲ್ ಲೆಕ್ಕ ಹಾಕ್ತಾನೆ, ಈಗ ಹತ್ತೊಂಬತ್ತು, ತೊಂಬತ್ತು ದಾಟೋವರೆಗೂ ಬದುಕಿದ್ರೂ ಕೊನೇ ಅರ್ಧ ತಗೊಂಡ್ರೆ ಅವಳಿಗೇನು ನಷ್ಟ ಅಂತ. ಫೇರಿ ತಗೊಳ್ಳೋದು ಪ್ರತಿ ದಿನದ ರಾತ್ರಿಯನ್ನ! ಪ್ರತಿ ರಾತ್ರಿ ಅವಳು ಅವನ ಪಾಳು ಅರಮನೇಲಿ ಬೆಳಗಿನವರೆಗೂ ಕುಣೀಬೇಕು. ಯಾರಿಗಾದ್ರೂ ಹೇಳ್ಕೊಳ್ಳೋಣ ಅಂತ ಬಾಯಿ ತೆಗೆದ್ರೆ ಸಂಬಂಧವೇ ಇಲ್ಲದ ಯಾವುದೋ ಕಥೆ ಬಾಯಿಂದ ಬರತ್ತೆ, ಜನ ಹುಚ್ಚಿ ಅಂತಾರೆ.

ನೀವು ಕೇಳಿದ ‘ಅವರ ಕಾನೂನೇ ಬೇರೆ’ ಅನ್ನೋದು ಇದೇ. ಅವನಿಗೆ ತಾನು ಕ್ರೂರಿ ಅಂತ ಅನ್ಸೋದೇ ಇಲ್ಲ, ಇಷ್ಟು ಒಳ್ಳೆ ನಾಟ್ಯ ಸಂಗೀತ ಎಲ್ಲ ಕೊಡ್ತಿದೀನಿ ಇವಳಿಗೆ ಯಾಕೆ ಖುಷಿ ಇಲ್ಲ ಅಂತ ನಿಜವಾಗ್ಲೂ ಆಶ್ಚರ್ಯ ಪಡ್ತಾನೆ. ಮೊದಲ ಭಾಗ ನಿಧಾನ ಇದೆ, ಸ್ಟ್ರೇಂಜ್ ಕಥೆಗೆ ಬರೋದೇ ಲೇಟು. ಅಡಿಟಿಪ್ಪಣಿ ಬಿಟ್ಬಿಡೋಣ ಅಂತ ಮಾತ್ರ ಮಾಡ್ಬೇಡಿ, ಒಳ್ಳೊಳ್ಳೆ ಫೇರಿ ಕಥೆಗಳೆಲ್ಲ ಅಲ್ಲೇ ಬಚ್ಚಿಟ್ಕೊಂಡಿವೆ. ಅಷ್ಟು ತಾಳ್ಮೆ ಇಲ್ಲ ಅಂದ್ರೆ ಅವರದ್ದೇ ಸಣ್ಣ ಕಥೆಗಳ ಸಂಕಲನ ಇದೆ, ‘ದ ಲೇಡೀಸ್ ಆಫ್ ಗ್ರೇಸ್ ಅಡ್ಯೂ’, ಅದನ್ನ ಮೊದಲು ನೋಡಿ.

ಧಾರವಾಡ_ಪೇಡೆ:

ಸರ, ಅಕ್ಕಾರು ದಪ್ಪನ ಪುಸ್ತಕಕ್ಕ ಹೆದರ್ತೀನಿ ಅಂದ್ರ ನೀವು ಅದನ್ನ ಮೊದಲ ಕೈಯಾಗ ಇಡ್ತೀರಲ್ಲ 😄 ಕ್ಲಾರ್ಕ್ ಚಲೋ ಅದಾರ, ಇಲ್ಲ ಅನ್ನಂಗಿಲ್ಲ, ಆದ್ರ ನಾನು ಎರಡು ಸಲ ಸುರು ಮಾಡಿ ಬಿಟ್ಟೀನಿ, ನಾರೆಲ್‌ನ ಮನ್ಯಾಗ ಕುಂತು ಕುಂತು ನಿದ್ದಿ ಬಂತು.

ಅಕ್ಕಾರ, ನೀವು ಟೆರಿ ಪ್ರ್ಯಾಚೆಟ್‌ನ ‘ದ ವೀ ಫ್ರೀ ಮೆನ್’ ಹಿಡೀರಿ, 2003ರದ್ದು, ನಿಮ್ಮ ಅಕ್ಕನ ಮಗಳಿಗೂ ಆಗತೈತಿ ನಿಮಗೂ ಆಗತೈತಿ. ಟಿಫನಿ ಅಂತ ಒಂಬತ್ತು ವರ್ಷದ ಹುಡುಗಿ, ಕುರಿ ಸಾಕೋರ ಮನಿತನ, ಬೆಣ್ಣಿ ತಗಿಯೋದು ಚೀಸ್ ಮಾಡೋದು ಅಕಿ ಕೆಲಸ. ಹಳ್ಳದ ನೀರಾಗಿಂದ ಒಂದು ಹಸಿರು ಹಲ್ಲಿನ ದೆವ್ವ ಏಳತೈತಿ. ಬ್ಯಾರೆ ಕಥ್ಯಾಗಾದ್ರ ಹುಡುಗಿ ಚೀರ್ಕೊಂಡು ಓಡ್ತಿದ್ಲು. ಇಕಿ ಏನ್ ಮಾಡ್ತಾಳ ಗೊತ್ತೇನ್ರಿ, ಮನ್ಯಾಗಿನ ಪುಸ್ತಕ ತಗದು ನೋಡ್ತಾಳ, ಅದ್ರಾಗ ‘ಸೂಪ್ ತಟ್ಟಿಯಷ್ಟು ದೊಡ್ಡ ಕಣ್ಣು’ ಅಂತ ಬರದಿರತೈತಿ, ಹೋಗಿ ಸೂಪ್ ತಟ್ಟಿ ಅಳೀತಾಳ, 8 ಇಂಚು! ಆಮ್ಯಾಲೆ ತನ್ನ ಸಣ್ಣ ತಮ್ಮನ್ನ ಮಿಠಾಯಿ ಕೊಟ್ಟು ಹಳ್ಳದ ದಂಡ್ಯಾಗ ಕುಂದರಿಸಿ, ದೆವ್ವ ಎದ್ದ ಕೂಡ್ಲೆ ಕಬ್ಬಿಣದ ಬಾಣಲಿ ತಗೊಂಡು ಬಾರಿಸ್ತಾಳ. ಫೇರಿಗಳಿಗೆ ಕಬ್ಬಿಣ ಆಗಿಬರಂಗಿಲ್ಲ ಅನ್ನೋದು ಹಳೇ ನಂಬಿಕಿ, ಅದನ್ನ ಅಂವ ಅಡಗಿಮನಿಗೆ ತಂದು ಇಟ್ಟಾನ ನೋಡ್ರಿ.

ಮುಂದ ಫೇರಿ ರಾಣಿ ಆ ತಮ್ಮನ್ನ ಕದಿತಾಳ, ಟಿಫನಿ ಬೆನ್ನ ಹತ್ತಿ ಹೋಗ್ತಾಳ. ಜೋಡಿಗೆ ಫೀಗಲ್ ಅಂತ ಆರ ಇಂಚಿನ ನೀಲಿ ಮಂದಿ, ಕುಡಿಯೋದು ಕದಿಯೋದು ಬಡದಾಡೋದು ಬಿಟ್ರ ಬ್ಯಾರೆ ಧಂದೆ ಇಲ್ಲ, ಯಾರಿಗೂ ಅಂಜಂಗಿಲ್ಲ ವಕೀಲರನ್ನ ಬಿಟ್ಟು. ನಗ್ತ ನಗ್ತ ಓದಿಸ್ಕೊಂಡು ಹೋಗತೈತಿ ಆದ್ರ ಫೇರಿ ನಾಡು ಮಾತ್ರ ಭಾಳ ಖರಾಬ್ ಜಾಗ, ಅಲ್ಲಿ ಕನಸಿನಾಗ ಕೊಟ್ಟ ಊಟ ತಿಂದ್ರ ಅಲ್ಲೇ ಸಿಕ್ಕೊಂಡ್ರಿ ಅಂತ ತಿಳೀರಿ.

ದೊಡ್ಡವರಿಗಂತ ಅವಂದ ‘ಲಾರ್ಡ್ಸ್ ಅಂಡ್ ಲೇಡೀಸ್’ ಐತಿ, 1992ರದ್ದು. ಊರ ಮಂದಿ ಎಲ್ಲಾ ಫೇರಿಗಳು ಭಾಳ ಚಂದ ಇದ್ರು ಅಂತಷ್ಟ ನೆನಪಿಟ್ಕೊಂಡು, ಕಲ್ಲಿನ ವೃತ್ತದಾಚೆ ಅವರನ್ನ ಯಾಕ ಇಟ್ಟಿದ್ರು ಅನ್ನೋದನ್ನ ಮರ್ತಿರ್ತಾರ. ಮಾಸ್ ಓದಿ ಬೇಜಾರಾದೋರು ಇದನ್ನ ಓದಲೇಬೇಕು.

ಲಿಮರಿಕ್_ಮಳೆ:

ನಾನಿರೋದು ಐರ್ಲೆಂಡಲ್ಲಿ, ಅದಕ್ಕೆ ಸ್ವಲ್ಪ ಬೇರೆ ಕಡೆಯಿಂದ ಹೇಳ್ತೀನಿ. ಇಲ್ಲಿ ಹೊಲದ ಮಧ್ಯೆ ಹಾಥಾರ್ನ್ ಅನ್ನೋ ಒಂಟಿ ಮುಳ್ಳಿನ ಗಿಡ, ಇಲ್ಲಾ ದುಂಡಗೆ ಮಣ್ಣಿನ ದಿಬ್ಬ ಕಂಡ್ರೆ ಸುತ್ತ ಉಳುಮೆ ಮಾಡಿ ಅದನ್ನ ಹಾಗೇ ಬಿಟ್ಟಿರ್ತಾರೆ, ನಮ್ಮ ಕರಾವಳೀಲಿ ನಾಗಬನದ ಮರಕ್ಕೆ ಕತ್ತಿ ಹಾಕೋಕೆ ಹೆದರೋ ಹಾಗೆ. ಕೇಳಿದ್ರೆ ‘ನಾವೇನು ನಂಬಲ್ಲಪ್ಪ’ ಅಂತಾರೆ, ಆದ್ರೆ ಕಡಿಯಲ್ಲ. 1999ರಲ್ಲಿ ಕ್ಲೇರ್ ಕೌಂಟಿಯ ಲಾಟೂನ್ ಹತ್ರ ಹೆದ್ದಾರಿ ಮಾಡೋವಾಗ ಹೀಗೇ ಒಂದು ಗಿಡ ಅಡ್ಡ ಬಂತು. ಎಡ್ಡಿ ಲೆನಿಹನ್ ಅಂತ ಇಲ್ಲಿನ ಹೆಸರಾಂತ ಕಥೆಗಾರ, ಇದು ಫೇರಿಗಳು ಯುದ್ಧಕ್ಕೆ ಹೋಗೋ ಮೊದಲು ಸೇರೋ ಜಾಗ, ಕಡಿದ್ರೆ ಆ ರಸ್ತೇಲಿ ಅಪಘಾತ ಆಗತ್ತೆ ಅಂತ ಹಟ ಹಿಡಿದ್ರು, ಕೊನೆಗೆ ಗಿಡ ಉಳಿಸ್ಕೊಂಡೇ ರಸ್ತೆ ಮಾಡಿದ್ರು.

ಕಾದಂಬರಿಗೆ ಮೊದಲು ಈ ಹಿನ್ನೆಲೆ ಸ್ವಲ್ಪ ಗೊತ್ತಿದ್ರೆ ರುಚಿನೇ ಬೇರೆ. ಸ್ಕಾಟ್ಲೆಂಡಿನ ಆಬರ್‌ಫಾಯಿಲ್‌ನ ಪಾದ್ರಿ ರಾಬರ್ಟ್ ಕರ್ಕ್ 1690ರ ಆಸುಪಾಸಲ್ಲಿ ‘ದ ಸೀಕ್ರೆಟ್ ಕಾಮನ್‌ವೆಲ್ತ್’ ಅಂತ ಫೇರಿಗಳ ಬಗ್ಗೆ ಬರೆದಿಟ್ರು, ಅವರ ಊಟ ಏನು ಬಟ್ಟೆ ಏನು ಯಾವಾಗ ಮನೆ ಬದಲಾಯಿಸ್ತಾರೆ ಅಂತ, ಸರ್ಕಾರಿ ವರದಿ ಥರ ಗಂಭೀರವಾಗಿ. 1692ರಲ್ಲಿ ಅವರು ತೀರ್ಕೊಂಡಾಗ ಊರವರು ಅಂದಿದ್ದು, ಸತ್ತಿಲ್ಲ, ಗುಟ್ಟು ಬಿಟ್ಟುಕೊಟ್ರು ಅಂತ ಫೇರಿಗಳೇ ಎತ್ತಾಕ್ಕೊಂಡು ಹೋದ್ರು ಅಂತ.

ಇದರ ಕರಾಳ ಮುಖವೂ ಇದೆ, 12 ವರ್ಷದವಳಿಗೆ ಖಂಡಿತ ಬೇಡ. 1895ರಲ್ಲಿ ಟಿಪ್ಪರೆರಿಯ ಬ್ರಿಜೆಟ್ ಕ್ಲಿಯರಿ ಅನ್ನೋ ಹೆಂಗಸು ಕಾಯಿಲೆ ಬಿದ್ದಾಗ ಗಂಡ, ಇವಳು ನನ್ನ ಹೆಂಡತಿಯಲ್ಲ ಫೇರಿಗಳು ಅವಳನ್ನ ಕದ್ದು ಬದಲಿಗೆ ಬಿಟ್ಟಿರೋದು ಅಂತ ಹೇಳಿ ಸುಟ್ಟ, ಅದೂ ನೆಂಟರು ಮನೇಲಿರೋವಾಗ್ಲೇ. ಆ್ಯಂಜೆಲಾ ಬರ್ಕ್ ಇದರ ಮೇಲೆ ‘ದ ಬರ್ನಿಂಗ್ ಆಫ್ ಬ್ರಿಜೆಟ್ ಕ್ಲಿಯರಿ’ ಬರೆದಿದ್ದಾರೆ. ಕಾದಂಬರಿ ಅಲ್ಲ, ಆದ್ರೆ ಬದಲಿ ಮಗು ಬದಲಿ ಹೆಂಡತಿ ಕಥೆ ಯಾವುದು ಓದಿದ್ರೂ ಆಮೇಲೆ ಇದು ನೆನಪಾಗತ್ತೆ.

ಕಾದಂಬರಿನೇ ಬೇಕು ಅಂದ್ರೆ ಗ್ರಹಾಂ ಜಾಯ್ಸ್ ಅವರ ‘ಸಮ್ ಕೈಂಡ್ ಆಫ್ ಫೇರಿ ಟೇಲ್’, 2012. ಹದಿಹರೆಯದಲ್ಲಿ ಕಾಣೆಯಾದ ಹುಡುಗಿ 20 ವರ್ಷ ಆದ್ಮೇಲೆ ಕ್ರಿಸ್ಮಸ್ ದಿನ ಬಾಗಿಲು ತಟ್ತಾಳೆ, ವಯಸ್ಸಾದ ಹಾಗೇ ಕಾಣಲ್ಲ, ನಾನು ಹೋಗಿ ಆರೇ ತಿಂಗಳಾಯ್ತು ಅಂತಾಳೆ. ಇಡೀ ಪುಸ್ತಕದಲ್ಲಿ ಇವಳು ಹೇಳ್ತಿರೋದು ನಿಜಾನಾ ಅಥವಾ ಏನೋ ಭಯಂಕರವಾದ್ದನ್ನ ಮುಚ್ಕೊಳ್ಳೋಕೆ ಮನಸ್ಸು ಕಟ್ಟಿದ ಕಥೇನಾ ಅಂತ ನಾವು ತೂಗಾಡ್ತಾ ಇರ್ತೀವಿ. ಅಣ್ಣನ ಸಂಸಾರ, ಹಳೇ ಬಾಯ್‌ಫ್ರೆಂಡ್‌ನ ಹಾಳಾದ ಬದುಕು, ಅದೇ ನಂಗೆ ಫೇರಿಗಿಂತ ಜಾಸ್ತಿ ಹಿಡಿಸಿದ್ದು.

ಕಾಫಿ_ಬಿಸಿಯಿದ್ಯಾ:

ಮಾಸ್‌ಗೆ ಬೈಯೋರ ಮಧ್ಯೆ ನಂದೊಂದು ಮಾತು, ಅವರು ಬರೆಯೋದು ರೊಮ್ಯಾನ್ಸ್, ಅದನ್ನ ರೊಮ್ಯಾನ್ಸ್ ಅಂತ ಓದಿದ್ರೆ ಮಜಾ ಇದೆ. ಜಾನಪದ ಬೇಕು ಅನ್ನೋರು ಹಾಲಿ ಬ್ಲ್ಯಾಕ್ ಓದಿ, ‘ದ ಕ್ರೂಯೆಲ್ ಪ್ರಿನ್ಸ್’. ಹೆತ್ತವರನ್ನ ಕೊಂದ ಫೇರಿ ಸೇನಾಪತಿಯ ಮನೇಲೇ ಬೆಳೆಯೋ ಮನುಷ್ಯರ ಹುಡುಗಿ, ಫೇರಿ ಮಾಯೆ ತಟ್ಟದೇ ಇರ್ಲಿ ಅಂತ ಜೇಬಲ್ಲಿ ಉಪ್ಪು ಇಟ್ಕೊಂಡು ಓಡಾಡ್ತಾಳೆ, ಊಟಕ್ಕೆ ಉದುರಿಸ್ಕೊಂಡೇ ತಿನ್ನೋದು. ಫೇರಿಗಳಿಗೆ ಸುಳ್ಳು ಹೇಳೋಕೆ ಬರಲ್ಲ, ಇವಳಿಗೆ ಬರತ್ತೆ, ಅವಳಿಗಿರೋ ದೊಡ್ಡ ಆಯುಧ ಅದೇ! ಆದ್ರೆ 12ಕ್ಕೆ ಬೇಡ, ಒಂದೆರಡು ವರ್ಷ ಹೋಗ್ಲಿ, ಹಿಂಸೆ ಜಾಸ್ತಿ.

ತಲೆನೋವಿಲ್ದೆ ಓದ್ಬೇಕು ಅಂದ್ರೆ ಹೆದರ್ ಫಾಸೆಟ್ ಅವರ ‘ಎಮಿಲಿ ವೈಲ್ಡ್ಸ್ ಎನ್‌ಸೈಕ್ಲೋಪೀಡಿಯಾ ಆಫ್ ಫೇರೀಸ್’. ಜನರ ಜೊತೆ ಮಾತಾಡೋಕೇ ಬರದ ಕೇಂಬ್ರಿಡ್ಜ್ ಪ್ರೊಫೆಸರಮ್ಮ ಫೀಲ್ಡ್‌ವರ್ಕ್‌ಗೆ ಅಂತ ನಾಯಿ ಕಟ್ಕೊಂಡು ಹಿಮದ ಹಳ್ಳಿಗೆ ಹೋಗ್ತಾಳೆ, ಡೈರಿ ರೂಪದಲ್ಲಿದೆ.

ಪುಟ_ಮಡಚೋಳು:

ಅಯ್ಯೋ ಎಷ್ಟೊಂದು! ಲಿಮರಿಕ್ ಅವರೇ, ಬ್ರಿಜೆಟ್ ಕ್ಲಿಯರಿ ವಿಷಯ ಓದಿ ಹೊಟ್ಟೆ ಕಲಸಿದ ಹಾಗಾಯ್ತು. ಹಳೇ ಪುಸ್ತಕ ಯಾರೂ ಹೇಳ್ಲಿಲ್ವಲ್ಲ, ಟೋಲ್ಕೀನ್‌ಗಿಂತ ಮುಂಚಿಂದು ಏನಾದ್ರೂ? ಚಿಕ್ಕದಾಗಿದ್ರೆ ಇನ್ನೂ ಒಳ್ಳೇದು.

ರಾತ್ರಿ_ರೈಲು:

ಹೋಪ್ ಮರ್ಲೀಸ್ ಬರೆದ ‘ಲಡ್-ಇನ್-ದ-ಮಿಸ್ಟ್’, 1926. ಚಿಕ್ಕದು, ಕ್ಲಾರ್ಕ್ ಬೇಡ ಅಂದೋರಿಗೂ ಹೇಳ್ತೀನಿ. ಫೇರಿ ನಾಡಿನ ಪಕ್ಕದಲ್ಲೇ ಇರೋ ವ್ಯಾಪಾರಿಗಳ ಊರು, ಹೊಟ್ಟೆ ತುಂಬ ಊಟ, ಒಳ್ಳೆ ಚೀಸ್, ಫೇರಿ ಅನ್ನೋ ಶಬ್ದ ಬಾಯಲ್ಲಿ ಬಂದ್ರೆ ಅಸಭ್ಯ ಅನ್ನೋ ಜನ. ಆದ್ರೆ ಗಡಿಯಾಚೆಯಿಂದ ಫೇರಿ ಹಣ್ಣು ಕಳ್ಳಸಾಗಣೆ ಆಗ್ತಾ ಇರತ್ತೆ, ತಿಂದೋರಿಗೆ ಹಾಡು, ಹುಚ್ಚು, ಮನೆ ಬಿಟ್ಟು ಓಡೋ ಹಂಬಲ. ಕೋರ್ಟಲ್ಲಿ ಆ ಹಣ್ಣಿನ ಹೆಸರು ಹೇಳೋಕೂ ನಾಚಿಕೆ ಅಂತ ಕಾನೂನು ಅದನ್ನ ರೇಷ್ಮೆ ಬಟ್ಟೆ ಅಂತ ಲೆಕ್ಕ ಹಾಕತ್ತೆ! ರೇಷ್ಮೆ ಕಳ್ಳಸಾಗಣೆ ಕೇಸು ಹಾಕ್ತಾರೆ. ಕೊನೆಗೆ ಮೇಯರ್ ಮಗನೇ ಹಣ್ಣು ತಿಂದಾಗ ಆ ಮರ್ಯಾದಸ್ಥ ಅಪ್ಪ ಏನ್ ಮಾಡ್ತಾನೆ ಅನ್ನೋದು ಕಥೆ. ಅರ್ಧ ಪತ್ತೇದಾರಿ, ಅರ್ಧ ಲಾವಣಿ. ಲಾರ್ಡ್ ಡನ್ಸನಿಯ ‘ದ ಕಿಂಗ್ ಆಫ್ ಎಲ್ಫ್‌ಲ್ಯಾಂಡ್ಸ್ ಡಾಟರ್’ ಇದಕ್ಕಿಂತ ಎರಡು ವರ್ಷ ಹಳೇದು, ಭಾಷೆ ಅದ್ಭುತ, ಆದ್ರೆ ಕಥೆ ಹೊಗೆ ಥರ ಕೈಗೆ ಸಿಗಲ್ಲ, ನಂಗೆ ಪೂರ್ತಿ ಹಿಡಿಸ್ಲಿಲ್ಲ.

ಪುಟ_ಮಡಚೋಳು:

ರೇಷ್ಮೆ ಬಟ್ಟೆ ಕೇಸಿಗೆ ಬಿದ್ದೋದೆ ನಾನು, ಅದೇ ಮೊದಲು. ಅಕ್ಕನ ಮಗಳಿಗೆ ಬಾಣಲೆ ಹುಡುಗಿ. ಪೇಡೆ ಅವರೇ, ಟಿಫನಿದು ಸರಣಿ ಅಂತೆ ಅಲ್ವಾ, ಎಲ್ಲ ಒಟ್ಟಿಗೆ ತರಿಸ್ಲಾ?

ಧಾರವಾಡ_ಪೇಡೆ:

ಐದು ಅದಾವ್ರಿ, ಆದ್ರ ಒಟ್ಟಿಗೆ ಕೊಡಬ್ಯಾಡ್ರಿ. ಮೊದಲಿನ ಮೂರು ಕಣ್ಣ್ ಮುಚ್ಚಿ ಕೊಡ್ರಿ. ನಾಲ್ಕನೇದು ‘ಐ ಶಲ್ ವೇರ್ ಮಿಡ್‌ನೈಟ್’, ಸುರುವಾತಿನಾಗ ಒಬ್ಬ ಅಪ್ಪ ತನ್ನ ಬಸುರಿ ಮಗಳನ್ನ ಬಡಿಯೋ ವಿಷಯ ಬರತೈತಿ, ಹುಡುಗಿಗೂ ಭಾಳ ಸಣ್ಣ ವಯಸ್ಸು, ಅದನ್ನ ನೀವು ಮೊದಲ ಓದಿ ಆಮ್ಯಾಲೆ ಯಾವಾಗ ಕೊಡಬೇಕು ನೋಡ್ರಿ. ಮತ್ತ ಫೀಗಲ್‌ಗಳ ಮಾತು ಸ್ಕಾಟಿಷ್ ಧಾಟ್ಯಾಗ ಅದಾವು, ಮೊದಲ ಮೊದಲ ತಿಳಿಯಂಗಿಲ್ಲ ಅಂತ ಹುಡುಗಿ ಪುಸ್ತಕ ಒಗದ್ರ ನೀವ ಜೋರಾಗಿ ಓದಿ ಹೇಳ್ರಿ, ಕಿವಿಗೆ ಬಿದ್ದ ಕೂಡ್ಲೆ ತಿಳೀತಾವು.