ಶನಿವಾರ ರಾತ್ರಿ ಬಂದ ಸಂತ್ರಸ್ತೆಗೆ ಪಿಇಪಿ (ಎಚ್‌ಐವಿ ಸೋಂಕು ತಡೆಯುವ ಮಾತ್ರೆ) ಸೋಮವಾರ ಕೊಟ್ಟರೆ ಸಾಕೇ?

ಡ್ಯೂಟಿ ಸಿಸ್ಟರ್, ಉಡುಪಿ:
ನಮ್ಮದು ಸಣ್ಣ ಆಸ್ಪತ್ರೆಯ ಕ್ಯಾಶುವಲ್ಟಿ. ಲೈಂಗಿಕ ದೌರ್ಜನ್ಯಕ್ಕೊಳಗಾದವರು ಶನಿವಾರ ರಾತ್ರಿ ಬಂದರೆ ಎಆರ್‌ಟಿ ಸೆಂಟರ್ (ಎಚ್‌ಐವಿ ಚಿಕಿತ್ಸಾ ಕೇಂದ್ರ) ತೆರೆದಿರುವುದಿಲ್ಲ. ಸೋಮವಾರ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಕಳುಹಿಸಿದರೆ ಆಗುತ್ತದಾ? ಪೊಲೀಸ್ ಪತ್ರ ಇಲ್ಲದೆ ಏನೇನು ಕೊಡಬಹುದು?

ಕ್ಯಾಶುವಲ್ಟಿ ಎಂಒ, ಮಂಗಳೂರು:
ಆಗುವುದಿಲ್ಲ ಸಿಸ್ಟರ್. ಘಟನೆ ನಡೆದ ಮೇಲೆ 72 ಗಂಟೆ ಅನ್ನುವುದು ಕೊನೆಯ ಗಡಿ, ಗುರಿಯಲ್ಲ. ವೈರಸ್ ದೇಹದಲ್ಲಿ ನೆಲೆಯೂರುವ ಮುಂಚೆ ಮಾತ್ರೆ ಹೋಗಬೇಕು. ಎರಡು ಗಂಟೆಯೊಳಗಾದರೆ ಒಳ್ಳೆಯದು. ಟೆನೊಫೋವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ ಸೇರಿದ ಟಿಎಲ್‌ಡಿ ಮಾತ್ರೆ, ದಿನಕ್ಕೊಂದು, 28 ದಿನ. ಎಚ್‌ಐವಿ, ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಪರೀಕ್ಷೆ), ಸಿಫಿಲಿಸ್, ಕ್ರಿಯಾಟಿನಿನ್‌ಗೆ (ಕಿಡ್ನಿ ಪರೀಕ್ಷೆ) ರಕ್ತ ತೆಗೆಯಿರಿ, ರಿಪೋರ್ಟಿಗೆ ಕಾಯಬೇಡಿ. ಮೊದಲ ಮೂರು ದಿನಕ್ಕಾಗುವಷ್ಟು ಮಾತ್ರೆ ನಿಮ್ಮ ಕಪಾಟಿನಲ್ಲೇ ಇರಲಿ. ಉಳಿದದ್ದು ಎಆರ್‌ಟಿ ಸೆಂಟರ್‌ನಲ್ಲಿ ಸಿಗುತ್ತದೆ.

ಪೊಲೀಸ್ ಪತ್ರ ಬೇಕಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಕಲಂ 397ರ ಪ್ರಕಾರ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳು ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಹೊಣೆ. ಚಿಕಿತ್ಸೆ ನಿರಾಕರಿಸಿದರೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಕಲಂ 200ರಡಿ ಒಂದು ವರ್ಷದವರೆಗೆ ಜೈಲು. ಈ ಕಲಂ ಬರೆದು ಗೋಡೆಗೆ ಅಂಟಿಸಿ ಮಾರಾಯ್ರೆ, ವಾದ ಮಾಡುವ ಕೆಲಸ ತಪ್ಪುತ್ತದೆ.

ಕ್ಲಿನಿಕಲ್ ಫಾರ್ಮಸಿ:
ಉಳಿದ ಸೋಂಕುಗಳಿಗೆ: ಗೊನೊರಿಯಾಕ್ಕೆ ಸೆಫ್ಟ್ರಿಯಾಕ್ಸೋನ್ 500 ಮಿ.ಗ್ರಾಂ ಸ್ನಾಯುವಿಗೆ ಒಂದೇ ಸಲ. ಕ್ಲಮೀಡಿಯಾಕ್ಕೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು, 7 ದಿನ. ಟ್ರೈಕೊಮೊನಾಸ್‌ಗೆ ಮೆಟ್ರೊನಿಡಜೋಲ್, ನಮ್ಮಲ್ಲಿ ಸಿಗುವ 400ರ ಮಾತ್ರೆಯನ್ನೇ ದಿನಕ್ಕೆರಡು, 7 ದಿನ. ಗರ್ಭಿಣಿಗೆ ಡಾಕ್ಸಿ ಬೇಡ, ಅಜಿತ್ರೋಮೈಸಿನ್ 1 ಗ್ರಾಂ ಒಂದೇ ಸಲ. ಹೆಪಟೈಟಿಸ್ ಬಿ ಲಸಿಕೆ ಹಿಂದೆ ಹಾಕಿಸಿಕೊಂಡಿಲ್ಲವಾದರೆ ಮೊದಲ ಡೋಸ್ ಅಂದೇ, ಆಮೇಲೆ 1 ಮತ್ತು 6ನೇ ತಿಂಗಳಿಗೆ.

ಎಡವಟ್ಟಾಗುವುದು ಎಲ್ಲವನ್ನೂ ಒಟ್ಟಿಗೆ, ಖಾಲಿ ಹೊಟ್ಟೆಗೆ ನುಂಗಿಸಿದಾಗ. ಗರ್ಭ ತಡೆಯುವ ಲಿವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ ಮತ್ತು ಟಿಎಲ್‌ಡಿ ಮೊದಲು ಹೋಗಲಿ, ಹೊಟ್ಟೆ ತೊಳಸುವ ಮೆಟ್ರೊನಿಡಜೋಲ್ ಮರುದಿನ ಊಟವಾದ ಮೇಲೆ ಶುರುವಾದರೂ ನಡೆಯುತ್ತದೆ. ಲಿವೊನಾರ್ಜೆಸ್ಟ್ರೆಲ್ ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ಕೊಡಿ.

ಫೋರೆನ್ಸಿಕ್ ಪಿಜಿ:
ಒಂದು ಸೇರಿಸುತ್ತೇನೆ. ಬಾಯಿಯ ಸಂಪರ್ಕ ಆಗಿದ್ದು ಅವರು ಸ್ಯಾಂಪಲ್‌ಗೆ ಒಪ್ಪಿದರೆ, ಮಾತ್ರೆಗೆ ನೀರಿನ ಲೋಟ ಕೊಡುವ ಮುಂಚೆ ಬಾಯಿಯ ಸ್ವಾಬ್ ತೆಗೆಯಿರಿ. ಎರಡೇ ನಿಮಿಷದ ಕೆಲಸ. ಬೇರೆ ಸ್ಯಾಂಪಲ್‌ಗಳಿಗಾಗಿ ಮಾತ್ರೆ ತಡೆಹಿಡಿಯಬೇಡಿ.

ಡ್ಯೂಟಿ ಸಿಸ್ಟರ್, ಉಡುಪಿ:
ಗಂಜಿ ಉಂಡು ಡಾಕ್ಸಿ ತಗೊಳ್ಳಬಹುದಾ? ಐರನ್ ಮಾತ್ರೆ ತಿನ್ನುವವರಿದ್ದರೆ?

ಕ್ಲಿನಿಕಲ್ ಫಾರ್ಮಸಿ:
ಗಂಜಿ ಪರವಾಗಿಲ್ಲ. ಹಾಲು, ಐರನ್, ಕ್ಯಾಲ್ಸಿಯಂ, ಆಂಟಾಸಿಡ್ ಜೊತೆ ಬೇಡ, ಡಾಕ್ಸಿ ಮೈಗೆ ಹಿಡಿಯುವುದಿಲ್ಲ. ಲೋಟ ತುಂಬ ನೀರು ಕುಡಿಯಬೇಕು, ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಟಿಎಲ್‌ಡಿ ನುಂಗಿ ಎರಡು ಗಂಟೆ ಕಳೆದ ಮೇಲೆ ಐರನ್.

ಕ್ಯಾಶುವಲ್ಟಿ ಎಂಒ, ಮಂಗಳೂರು:
ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದವರು 28 ದಿನವಾಯಿತೆಂದು ತಾವಾಗಿ ಟಿಎಲ್‌ಡಿ ನಿಲ್ಲಿಸಬಾರದು, ಲಿವರ್ ಉರಿಯೂತ ಕೆರಳಬಹುದು. ಎಲ್ಲರಿಗೂ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ 6 ವಾರಕ್ಕೆ, ಮತ್ತೆ 3 ತಿಂಗಳಿಗೆ. ಅಲ್ಲಿಯವರೆಗೆ ಕಾಂಡೋಮ್. ಮತ್ತೆ, ಮಾತ್ರೆ ಡಬ್ಬಿ ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತದಾ ಅಂತ ಅವರೊಬ್ಬರನ್ನೇ ಕರೆದು ಕೇಳಿ.